ಡಿಗ್ರಿ ಮಕ್ಕಳ ಸ್ಕಾಲರ್‌ಶಿಪ್: ಮಂಗಳೂರು, ಉಡುಪಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಜೂನ್ ಬಂತೆಂದರೆ ನನ್ನ ಮೇಜಿನ ಮುಂದೆ ಸಾಲು ಶುರು. ಹೊರಗೆ ಜೋರು ಮಳೆ, ಬಾಗಿಲ ಬಳಿ ಒದ್ದೆ ಕೊಡೆಗಳ ರಾಶಿ, ಕೈಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಮಾರ್ಕ್ಸ್ ಕಾರ್ಡು. ಮಂಗಳೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ ಪಾಠದ ಜತೆಗೆ ಸ್ಕಾಲರ್‌ಶಿಪ್ ಕೆಲಸವನ್ನೂ ನೋಡಿಕೊಳ್ಳುತ್ತೇನೆ. ಇಷ್ಟು ವರ್ಷದಲ್ಲಿ ನಾನು ಕಂಡದ್ದು ಒಂದೇ. ಬಡತನ ಜಾಸ್ತಿ ಇದ್ದವರಿಗೆ ಮೊದಲು ದುಡ್ಡು ಸಿಗುತ್ತದೆ ಅಂತಿಲ್ಲ. ಕಾಗದಪತ್ರ ಸರಿ ಇದ್ದವರಿಗೆ ಸಿಗುತ್ತದೆ. ಈ ಅನ್ಯಾಯ ನನ್ನನ್ನು ತುಂಬ ಕಾಡುತ್ತದೆ. ಅದಕ್ಕೇ ಇದನ್ನೆಲ್ಲ ಒಂದೇ ಕಡೆ ಬರೆದಿಟ್ಟಿದ್ದೇನೆ.

ಈ ದುಡ್ಡು ಎಲ್ಲಿಂದ ಬರುತ್ತದೆ? ಯಾರಿಗೆ ಕೊಡಬೇಕು ಅಂತ ಯಾರು ತೀರ್ಮಾನಿಸುತ್ತಾರೆ?

ರಾಜ್ಯ ಸರ್ಕಾರ, ಕೇಂದ್ರ ಸರ್ಕಾರ, ನಿಮ್ಮದೇ ಕಾಲೇಜು, ಊರಿನ ಸಂಘ ಮತ್ತು ಟ್ರಸ್ಟುಗಳು. ಮುಖ್ಯವಾಗಿ ಈ ನಾಲ್ಕು ಕಡೆಯಿಂದ ಬರುತ್ತದೆ. ಆದರೆ ಹಂಚುವ ರೀತಿ ಒಂದೇ ಅಲ್ಲ. ಅದನ್ನು ತಿಳಿದುಕೊಂಡರೆ ಅರ್ಧ ಗೊಂದಲ ಹೋಗುತ್ತದೆ.

ಕೆಲವು ಯೋಜನೆಗಳಲ್ಲಿ ನಿಯಮಕ್ಕೆ ಹೊಂದುವವರೆಲ್ಲ ಅರ್ಹರು. ಜಾತಿ ವರ್ಗ, ಆದಾಯ, ಕೋರ್ಸು ಸರಿ ಇದ್ದರೆ ಆಯಿತು, ಪಕ್ಕದವರ ಜತೆ ಸ್ಪರ್ಧೆ ಇಲ್ಲ. ರಾಜ್ಯದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಗಳು ಹೆಚ್ಚಾಗಿ ಈ ಬಗೆಯವು. ಇನ್ನು ಕೆಲವಕ್ಕೆ ಎಣಿಸಿಟ್ಟ ಸಂಖ್ಯೆ ಇರುತ್ತದೆ. ಅಂಕದ ಪಟ್ಟಿ ಮಾಡಿ ಮೇಲಿನಿಂದ ಕೊಡುತ್ತಾ ಬರುತ್ತಾರೆ, ಸಂಖ್ಯೆ ಮುಗಿದ ಕೂಡಲೇ ನಿಲ್ಲಿಸುತ್ತಾರೆ. ಮೂರನೆಯದು ಕಾಲೇಜು ಮತ್ತು ಟ್ರಸ್ಟುಗಳ ದುಡ್ಡು. ಅಲ್ಲಿ ನಾಲ್ಕು ಜನ ಕೂತು, ನಿಮ್ಮ ಮಾತು ಕೇಳಿ, ಮನೆಯ ಸ್ಥಿತಿ ನೋಡಿ ತೀರ್ಮಾನಿಸುತ್ತಾರೆ. ಅರ್ಜಿ ಹಾಕುವ ಮೊದಲು ಇದು ಯಾವ ಬಗೆಯದು ಅಂತ ಕೇಳಿ.

ನನಗೆ ಮಾರ್ಕ್ ಕಡಿಮೆ. ಅರ್ಜಿ ಹಾಕಿ ಪ್ರಯೋಜನ ಇದೆಯಾ?

ಖಂಡಿತ ಇದೆ. ಮೊದಲನೆಯ ಬಗೆಯ ಯೋಜನೆಗಳಿಗೆ ರ‍್ಯಾಂಕ್ ಬೇಕಿಲ್ಲ, ಪಾಸಾಗಿ ಮುಂದಿನ ವರ್ಷಕ್ಕೆ ಹೋಗುತ್ತಿದ್ದರೆ ಹೆಚ್ಚಿನ ಕಡೆ ಸಾಕು. "ನನಗೆಲ್ಲಿ ಸಿಗುತ್ತದೆ" ಅಂತ ಸುಮ್ನೆ ಕೂತವರೇ ಜಾಸ್ತಿ ಕಳೆದುಕೊಳ್ಳುವುದು.

ರಾಜ್ಯ ಸರ್ಕಾರದ್ದರಲ್ಲಿ ನನಗೆ ಯಾವುದು?

ಬಹುತೇಕ ಎಲ್ಲಕ್ಕೂ ಬಾಗಿಲು ಒಂದೇ, ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ನಾವೆಲ್ಲ ಎಸ್‌ಎಸ್‌ಪಿ ಅನ್ನುವುದು. ಒಂದು ಖಾತೆ ತೆರೆದು ವಿವರ ತುಂಬಿದರೆ ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಇಲಾಖೆಗಳಲ್ಲಿ ನಿಮ್ಮದು ಯಾವುದೋ ಅಲ್ಲಿಗೆ ಅರ್ಜಿ ಹೋಗುತ್ತದೆ. ಬ್ರಾಹ್ಮಣ ಅಭಿವೃದ್ಧಿ ಮಂಡಳಿಯ ಸಾಂದೀಪನಿ ಶಿಷ್ಯವೇತನಕ್ಕೂ ಇದೇ ದಾರಿ.

ಪರಿಶಿಷ್ಟ ಜಾತಿಯ ಮಕ್ಕಳ ಮೆಟ್ರಿಕ್ ನಂತರದ ಯೋಜನೆಗೆ ಕುಟುಂಬದ ಆದಾಯ ಮಿತಿ ವರ್ಷಕ್ಕೆ 2.5 ಲಕ್ಷ. ಇದರ ದುಡ್ಡನ್ನು ಕೇಂದ್ರ 60, ರಾಜ್ಯ 40ರ ಲೆಕ್ಕದಲ್ಲಿ ಹಂಚಿಕೊಳ್ಳುತ್ತವೆ. ಹಾಗಾಗಿ ಹಣ ಎರಡು ಕಂತಾಗಿ, ಬೇರೆ ಬೇರೆ ತಿಂಗಳಲ್ಲಿ ಬರಬಹುದು. ಮೊದಲ ಕಂತು ನೋಡಿ "ಇಷ್ಟೇನಾ" ಅಂತ ಬೇಜಾರಾಗಬೇಡಿ. ಒಂದು ಎಚ್ಚರಿಕೆ ಮಾತ್ರ ಇರಲಿ. ಕೇಂದ್ರದ ಪಾಲು ನೇರ ವಿದ್ಯಾರ್ಥಿಯ ಖಾತೆಗೆ ಬರುತ್ತದೆ, ಅದರಲ್ಲಿ ಕಾಲೇಜಿನ ಫೀಸೂ ಸೇರಿರಬಹುದು. ಮನೆಯ ಸಾಲ ತೀರಿಸಲು ಅದನ್ನು ಕೊಟ್ಟು, ಆಮೇಲೆ ಪರೀಕ್ಷೆಯ ಹೊತ್ತಿಗೆ ಫೀಸಿಗೆ ಪರದಾಡಿದ ಮಕ್ಕಳನ್ನು ನೋಡಿದ್ದೇನೆ. ಯಾವುದು ಫೀಸು, ಯಾವುದು ನಿಮ್ಮ ಖರ್ಚಿನ ಭತ್ಯೆ ಅಂತ ಕಚೇರಿಯಲ್ಲಿ ಕೇಳಿಯೇ ಖರ್ಚು ಮಾಡಿ. ಕೇಂದ್ರದ ನಿಯಮದ ಪ್ರಕಾರ ಆ ಭತ್ಯೆ ಎಂಜಿನಿಯರಿಂಗ್, ವೈದ್ಯಕೀಯದಂಥ ಕೋರ್ಸಿಗೆ ಹಾಸ್ಟೆಲಿನಲ್ಲಿರುವವರಿಗೆ ವರ್ಷಕ್ಕೆ 13,500, ಮನೆಯಿಂದ ಬರುವವರಿಗೆ 7,000. ಬಿಎ, ಬಿಕಾಂಗೆ ಅದೇ 6,000 ಮತ್ತು 3,000.

ಹಿಂದುಳಿದ ವರ್ಗದವರಿಗೆ ವಿದ್ಯಾರ್ಥಿವೇತನ, ಶುಲ್ಕ ವಿನಾಯಿತಿ, ವಿದ್ಯಾಸಿರಿ ಇವೆ. ವಿದ್ಯಾಸಿರಿ ಇರುವುದು ಸರ್ಕಾರಿ ಹಾಸ್ಟೆಲ್ ಸಿಗದೆ ಹೊರಗೆ ಉಳಿದು ಓದುವವರ ಊಟ, ವಸತಿಗೆ. 2013-14ರಲ್ಲಿ ಶುರುವಾದಾಗ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳಿಗೆ ಕೊಡುತ್ತಿದ್ದರು. ಹಿಂದುಳಿದ ವರ್ಗಗಳೊಳಗೆ ಆದಾಯದ ಮಿತಿ ಎಲ್ಲರಿಗೂ ಒಂದೇ ಇಲ್ಲ. ಪ್ರವರ್ಗ 1ಕ್ಕೆ ಒಂದು, 2ಎ, 3ಎ, 3ಬಿಗೆ ಇನ್ನೊಂದು. ಆ ವರ್ಷದ ಪ್ರಕಟಣೆ ನೋಡಿಕೊಳ್ಳಿ.

2021ರಲ್ಲಿ ರೈತರ ಮಕ್ಕಳಿಗಾಗಿ ರೈತ ವಿದ್ಯಾನಿಧಿ ಬಂತು. ಆಗ ಗೊತ್ತು ಮಾಡಿದ ಮೊತ್ತ ಬಿಎ, ಬಿಕಾಂ, ಬಿಎಸ್ಸಿ ಹುಡುಗರಿಗೆ 5,000, ಹುಡುಗಿಯರಿಗೆ 5,500. ಎಂಜಿನಿಯರಿಂಗ್, ಎಂಬಿಬಿಎಸ್ ಓದುವವರಿಗೆ 10,000 ಮತ್ತು 11,000. ಆಮೇಲೆ ಮೀನುಗಾರರು, ನೇಕಾರರು, ಆಟೋ ಮತ್ತು ಟ್ಯಾಕ್ಸಿ ಚಾಲಕರ ಮಕ್ಕಳಿಗೂ ವಿದ್ಯಾನಿಧಿ ವಿಸ್ತರಿಸಿದರು. ರೈತರ ಮಕ್ಕಳಿಗೆ ಮುಖ್ಯವಾದದ್ದು ಫ್ರೂಟ್ಸ್ ಐಡಿ, ಅಂದರೆ ಸರ್ಕಾರದಲ್ಲಿ ರೈತ ಅಂತ ನೋಂದಾಯಿಸಿದಾಗ ಸಿಗುವ ಸಂಖ್ಯೆ. ನಮ್ಮ ಕಡೆ ಜಾಗ ಇನ್ನೂ ಅಜ್ಜನ ಹೆಸರಲ್ಲೋ ಅಜ್ಜಿಯ ಹೆಸರಲ್ಲೋ ಇರುತ್ತದೆ. ಆಗ ಅಪ್ಪನಿಗೆ ಐಡಿ ಸಿಗದೆ, ಅಡಿಕೆ ತೋಟದಲ್ಲೇ ಬೆಳೆದ ಹುಡುಗ ಕಾಗದದಲ್ಲಿ ರೈತನ ಮಗ ಆಗುವುದೇ ಇಲ್ಲ. ಆರ್‌ಟಿಸಿಯಲ್ಲಿ, ಅಂದರೆ ಪಹಣಿಯಲ್ಲಿ, ಯಾರ ಹೆಸರಿದೆ ಅಂತ ಈಗಲೇ ನೋಡಿಸಿ.

ಅಪ್ಪ ಗಾರೆ ಕೆಲಸ, ಬಡಗಿ ಕೆಲಸ, ಪೈಂಟಿಂಗ್ ಮಾಡುವವರಾದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಮಾಡಿಸಿದ್ದಾರಾ ಅಂತ ಕೇಳಿ. ಕಾರ್ಡ್ ಚಾಲ್ತಿಯಲ್ಲಿದ್ದರೆ ಮಕ್ಕಳ ಓದಿಗೆ ಸಹಾಯಧನ ಕೇಳಬಹುದು.

ಅಮ್ಮ ಬೀಡಿ ಕಟ್ಟುತ್ತಾರೆ. ಅದರ ಮೇಲೆ ಏನಾದರೂ ಸಿಗುತ್ತದಾ?

ಸಿಗುತ್ತದೆ. ಆದರೆ ತುಂಬ ಮನೆಗಳಿಗೆ ಇದು ಗೊತ್ತೇ ಇಲ್ಲ. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರದ ಕಾರ್ಮಿಕ ಕಲ್ಯಾಣ ವಿಭಾಗದಿಂದ ಬೇರೆಯೇ ವಿದ್ಯಾರ್ಥಿವೇತನ ಇದೆ. ಅರ್ಜಿ ಹಾಕಬೇಕಾದ್ದು ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎನ್‌ಎಸ್‌ಪಿಯಲ್ಲಿ. ಒಂದನೇ ಕ್ಲಾಸಿನಿಂದಲೇ ಇದೆ. ಎಂಜಿನಿಯರಿಂಗ್, ಎಂಬಿಬಿಎಸ್‌ನಂಥ ಕೋರ್ಸಿಗೆ ವರ್ಷಕ್ಕೆ 25,000ದವರೆಗೂ ಹೋಗುತ್ತದೆ.

ಬೇಕಾದದ್ದು ಅಮ್ಮನ ಬೀಡಿ ಕಾರ್ಮಿಕರ ಗುರುತಿನ ಚೀಟಿ. ಅದು ಇಲ್ಲದಿದ್ದರೆ ಬೀಡಿ ಬ್ರಾಂಚಿನಲ್ಲಿ ವಿಚಾರಿಸಿ, ಪಿಎಫ್ ನಂಬರಿನ ಕಾಗದವನ್ನೂ ಹುಡುಕಿಡಿ. ಎಷ್ಟೋ ಮನೆಯಲ್ಲಿ ಅತ್ತೆಯ ಹೆಸರಲ್ಲಿ ಎಲೆ, ತಂಬಾಕು ತಂದು ಸೊಸೆ ಬೀಡಿ ಕಟ್ಟುತ್ತಿರುತ್ತಾರೆ. ಆಗ ಕೆಲಸ ಮಾಡುವವರೇ ಲೆಕ್ಕದಲ್ಲಿಲ್ಲ. ಚಿಮಿಣಿ ದೀಪದ ಕಾಲದಿಂದ ಗೆರಸೆ ತೊಡೆಯ ಮೇಲಿಟ್ಟುಕೊಂಡು ಮಕ್ಕಳನ್ನು ಓದಿಸಿದ ಹೆಂಗಸರ ಜಿಲ್ಲೆ ಇದು. ಆ ಒಂದು ಚೀಟಿ ಅವರ ಹೆಸರಲ್ಲೇ ಇರಬೇಕು.

ಕೇಂದ್ರದ ಮೆರಿಟ್ ಸ್ಕಾಲರ್‌ಶಿಪ್ ಹೇಗೆ ಹಂಚುತ್ತಾರೆ?

ಕಾಲೇಜು ವಿದ್ಯಾರ್ಥಿಗಳ ಕೇಂದ್ರ ವಲಯ ಯೋಜನೆಯನ್ನೇ ನೋಡಿ. ಇಡೀ ದೇಶಕ್ಕೆ ವರ್ಷಕ್ಕೆ 82,000 ಹೊಸ ಸ್ಕಾಲರ್‌ಶಿಪ್. 18ರಿಂದ 25 ವಯಸ್ಸಿನವರು ಯಾವ ರಾಜ್ಯದಲ್ಲಿ ಎಷ್ಟಿದ್ದಾರೆ ಅನ್ನುವ ಲೆಕ್ಕದ ಮೇಲೆ ರಾಜ್ಯಗಳಿಗೆ ಪಾಲು. ಅದರಲ್ಲಿ ಅರ್ಧ ಹುಡುಗಿಯರಿಗೆ. ಮತ್ತೆ ವಿಜ್ಞಾನ, ವಾಣಿಜ್ಯ, ಕಲಾ ವಿಭಾಗಕ್ಕೆ 3:2:1ರ ಅನುಪಾತ. ಹನ್ನೆರಡನೇ ತರಗತಿಯಲ್ಲಿ ನಿಮ್ಮ ಬೋರ್ಡಿನಲ್ಲಿ ಮೊದಲ ಶೇಕಡಾ 20ರೊಳಗೆ ಇರಬೇಕು, ಮನೆಯ ಆದಾಯ 4.5 ಲಕ್ಷ ದಾಟಬಾರದು. ಮೊದಲ ಮೂರು ವರ್ಷ, ವರ್ಷಕ್ಕೆ 12,000 ಸಿಗುತ್ತದೆ.

ಇದು ಶೇಕಡಾ 80 ಅಂಕ ಅಂತ ತಪ್ಪು ತಿಳಿಯುವವರು ಬಹಳ. ಬೋರ್ಡಿನಲ್ಲಿ ಪರೀಕ್ಷೆ ಬರೆದ ನೂರು ಜನರಲ್ಲಿ ಎಂಬತ್ತು ಜನ ನಿಮಗಿಂತ ಕೆಳಗಿರಬೇಕು ಅನ್ನುವುದು ಅದರ ಅರ್ಥ. ದಕ್ಷಿಣ ಕನ್ನಡ, ಉಡುಪಿಯಲ್ಲಿ ಪಿಯುಸಿ ಫಲಿತಾಂಶ ಹೆಚ್ಚಾಗಿ ಮೇಲೆಯೇ ಇರುತ್ತದೆ. ನಿಮ್ಮ ಕ್ಲಾಸಿನಲ್ಲಿ ನೀವು ಸಾಧಾರಣ ಅನಿಸಿದರೂ ರಾಜ್ಯದ ಲೆಕ್ಕದಲ್ಲಿ ಮುಂದಿರಬಹುದು. ಅಲ್ವಾ?

ತಾಂತ್ರಿಕ ಕೋರ್ಸಿನ ಹುಡುಗಿಯರಿಗೆ ಪ್ರಗತಿ ಸ್ಕಾಲರ್‌ಶಿಪ್ ಇದೆ. ವರ್ಷಕ್ಕೆ 50,000, ಆದಾಯ ಮಿತಿ 8 ಲಕ್ಷ, ಒಂದು ಮನೆಯಿಂದ ಇಬ್ಬರು ಹುಡುಗಿಯರವರೆಗೆ. ಅಂಗವಿಕಲ ಮಕ್ಕಳಿಗೆ ಸಕ್ಷಮ್ ಇದೆ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಬಿಟೆಕ್ ಸೀಟು ಸಿಕ್ಕಿಯೂ ಫೀಸಿಗೆ ಹೆದರಿ ಬಿಡಬೇಡಿ. ಎನ್‌ಐಟಿಗಳಲ್ಲಿ ಪರಿಶಿಷ್ಟ ಜಾತಿ, ಪಂಗಡ ಮತ್ತು ಅಂಗವಿಕಲ ವಿದ್ಯಾರ್ಥಿಗಳಿಗೆ ಬೋಧನಾ ಶುಲ್ಕ ಪೂರ್ತಿ ಮಾಫಿ. ಉಳಿದವರಲ್ಲಿ ಆದಾಯ 1 ಲಕ್ಷದೊಳಗಿದ್ದರೆ ಪೂರ್ತಿ, 1ರಿಂದ 5 ಲಕ್ಷದವರೆಗೆ ಮೂರರಲ್ಲಿ ಎರಡು ಪಾಲು ಮಾಫಿ. ಸಿಇಟಿಯಲ್ಲಿ ಎಂಜಿನಿಯರಿಂಗ್ ಸೀಟು ಹುಡುಕುವವರು ಎಸ್‌ಎನ್‌ಕ್ಯೂ, ಅಂದರೆ ಕಡಿಮೆ ಆದಾಯದವರಿಗೆ ಇಡುವ ಹೆಚ್ಚುವರಿ ಸೀಟುಗಳ ಬಗ್ಗೆಯೂ ಕೇಳಿ, ಅಲ್ಲಿಯೂ ಬೋಧನಾ ಶುಲ್ಕ ಇರುವುದಿಲ್ಲ.

ಸರ್ಕಾರಿ ಶಾಲೆಯಲ್ಲಿ ಓದಿದ ಹುಡುಗಿ. ನನಗೆ ಬೇರೆ ಏನಾದರೂ?

ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್ ಮರೆಯದೆ ನೋಡಿ. ಹತ್ತು ಮತ್ತು ಹನ್ನೆರಡನೇ ತರಗತಿ ಸರ್ಕಾರಿ ಸಂಸ್ಥೆಯಲ್ಲಿ ಓದಿ, ಡಿಗ್ರಿ ಅಥವಾ ಡಿಪ್ಲೊಮಾದ ಮೊದಲ ವರ್ಷಕ್ಕೆ ಸೇರಿದ ಹುಡುಗಿಯರಿಗೆ ವರ್ಷಕ್ಕೆ 30,000. ಕೋರ್ಸು ಮುಗಿಯುವವರೆಗೂ ಬರುತ್ತದೆ. ಮೊದಲ ವರ್ಷವೇ ಹಾಕಬೇಕು.

ಫೀಸು ಜೂನಿನಲ್ಲಿ ಕಟ್ಟಬೇಕು. ಸ್ಕಾಲರ್‌ಶಿಪ್ ಬರುವುದು ಯಾವಾಗಲೋ. ಎಂತ ಮಾಡುವುದು?

ನನಗೆ ಅತಿ ಹೆಚ್ಚು ಸಂಕಟ ಕೊಡುವ ಪ್ರಶ್ನೆ ಇದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಮಲ್ಪೆಯಲ್ಲೂ ಮಂಗಳೂರಿನ ದಕ್ಕೆಯಲ್ಲೂ ಬೋಟುಗಳು ದಡದಲ್ಲಿ. ಮಳೆಗೆ ಗಾರೆ ಕೆಲಸ, ಕೂಲಿ ಕೆಲಸ ಎಲ್ಲವೂ ಕಡಿಮೆ. ಮನೆಗೆ ಒಂದು ರೂಪಾಯಿ ಬಾರದ ಆ ಎರಡು ತಿಂಗಳಲ್ಲೇ ಕಾಲೇಜಿನ ಪ್ರವೇಶ ಶುಲ್ಕ ಕಟ್ಟಬೇಕು. ಸರ್ಕಾರದ ಹಣ ಬರುವಾಗ ಎಷ್ಟೋ ಸಲ ವರ್ಷದ ಕೊನೆ, ಕೆಲವೊಮ್ಮೆ ಮುಂದಿನ ವರ್ಷ.

ಆದ್ದರಿಂದ ಸರ್ಕಾರದ ಸ್ಕಾಲರ್‌ಶಿಪ್ ನಂಬಿ ಮೊದಲ ಕಂತು ಕಟ್ಟುವ ಯೋಜನೆ ಹಾಕಬೇಡಿ. ಪ್ರಾಂಶುಪಾಲರಿಗೆ ಕಂತು ಕೇಳಿ ಪತ್ರ ಕೊಡಿ. ಬಾಯಲ್ಲಿ ಹೇಳಿದರೆ ಮರೆತು ಹೋಗುತ್ತದೆ, ಬರೆದೇ ಕೊಡಿ. "ಅಪ್ಪ ಬೋಟಿಗೆ ಹೋಗುತ್ತಾರೆ, ಆಗಸ್ಟಿನ ಕೊನೆಗೆ ಅರ್ಧ ಕಟ್ಟುತ್ತೇವೆ" ಅಂತ ತಾರೀಖಿನ ಸಮೇತ ಬರೆಯಿರಿ. ಹಾಗೆ ಬರೆದ ಪತ್ರವನ್ನು ತಳ್ಳಿಹಾಕುವುದು ಯಾರಿಗೂ ಸುಲಭವಲ್ಲ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳು ಫ್ರೀಶಿಪ್ ಕಾರ್ಡಿನ ಬಗ್ಗೆ ಕೇಳಿ. ಮೊದಲೇ ಫೀಸು ಕಟ್ಟದೆ ಸೇರಲಿ ಅಂತಲೇ ಆ ವ್ಯವಸ್ಥೆ ಇರುವುದು. ಜೂನಿನ ಹೊತ್ತಿಗೆ ಬೇಗ ಕೈಗೆ ಬರುವುದು ಹೆಚ್ಚಾಗಿ ಊರಿನ ಟ್ರಸ್ಟು, ಸಂಘಗಳ ದುಡ್ಡು. ಅವರಿಗೆ ಪಿಯುಸಿ ಫಲಿತಾಂಶ ಬಂದ ವಾರವೇ ಅರ್ಜಿ ಕೊಡಿ.

ಯಾವ ಕಾಗದ ಬೇಕು?

ಆಧಾರ್, ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಅಂಕಪಟ್ಟಿ, ರೇಷನ್ ಕಾರ್ಡ್, ಪಾಸ್‌ಬುಕ್, ಫೀಸಿನ ರಶೀದಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ. ನಾಡಕಚೇರಿಯಲ್ಲಿ ಮಾಡಿಸಿದ ಪ್ರಮಾಣಪತ್ರದ ಮೇಲೆ ಆರ್‌ಡಿ ನಂಬರ್ ಇರುತ್ತದೆ. ಪೋರ್ಟಲಿಗೆ ಬೇಕಾದದ್ದು ಅದೇ. ಆದಾಯ ಪ್ರಮಾಣಪತ್ರದ ಅವಧಿ ಐದು ವರ್ಷ. ಎಂಟನೇ ಕ್ಲಾಸಿನಲ್ಲಿ ಮಾಡಿಸಿದ್ದರೆ ಡಿಗ್ರಿಗೆ ಬರುವಾಗ ಮುಗಿದಿರುತ್ತದೆ.

ನಮ್ಮ ಕಡೆಯ ದೊಡ್ಡ ತೊಡಕು ಹೆಸರು. ಅಂಕಪಟ್ಟಿಯಲ್ಲಿ ಬರೀ ಹೆಸರು, ಆಧಾರಿನಲ್ಲಿ ಕೊನೆಗೆ ಪೂಜಾರಿ ಅಂತ ಸೇರಿದೆ. ಒಂದರಲ್ಲಿ ನಾಯ್ಕ, ಇನ್ನೊಂದರಲ್ಲಿ ನಾಯಕ್. ಮನುಷ್ಯರಿಗೆ ಅದು ಒಂದೇ ಹೆಸರು. ಕಂಪ್ಯೂಟರಿಗೆ ಎರಡು. ಒಬ್ಬಳು ಹುಡುಗಿ ಮೂರು ವರ್ಷ ಅರ್ಜಿ ಹಾಕಿದಳು. ಹೆಸರಿನ ಮುಂದಿನ ಒಂದು ಇನಿಶಿಯಲ್ ಹೊಂದದೆ ಮೂರು ವರ್ಷವೂ ಹಣ ಬರಲಿಲ್ಲ. ಡಿಗ್ರಿ ಮುಗಿಯುವ ಹೊತ್ತಿಗೆ ಕಾರಣ ಗೊತ್ತಾಯಿತು. ಈಗ ನಾನು ಸೇರುವ ದಿನವೇ ಆಧಾರ್ ಮತ್ತು ಅಂಕಪಟ್ಟಿ ಅಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ನೋಡುತ್ತೇನೆ. ನೀವೂ ಮನೆಯಲ್ಲಿ ಹಾಗೇ ನೋಡಿ.

ಮಂಜೂರಾಗಿದೆ ಅಂತ ತೋರಿಸುತ್ತದೆ, ಖಾತೆಗೆ ಬಂದಿಲ್ಲ. ಯಾಕೆ?

ಹತ್ತರಲ್ಲಿ ಎಂಟು ಸಲ ಅನ್ನುವಷ್ಟು ಇದೇ ಕಾರಣ ಕಾಣುತ್ತೇನೆ. ಆಧಾರ್ ಜೋಡಣೆ. ಸರ್ಕಾರ ದುಡ್ಡು ಕಳಿಸುವುದು ನೀವು ಬರೆದುಕೊಟ್ಟ ಖಾತೆ ಸಂಖ್ಯೆಗಲ್ಲ, ಆಧಾರಿಗೆ ಜೋಡಿಸಿದ ಖಾತೆಗೆ. "ಬ್ಯಾಂಕಿಗೆ ಆಧಾರ್ ಕೊಟ್ಟಿದ್ದೇನೆ ಸರ್" ಅನ್ನುತ್ತಾರೆ. ಆಧಾರ್ ಪ್ರತಿ ಕೊಡುವುದು ಬೇರೆ, ಎನ್‌ಪಿಸಿಐ ಸೀಡಿಂಗ್, ಅಂದರೆ ಸರ್ಕಾರದ ಹಣ ಬರುವ ಖಾತೆ ಇದೇ ಅಂತ ಆಧಾರಿಗೆ ಜೋಡಿಸುವುದು ಬೇರೆ. ಬ್ಯಾಂಕಿನಲ್ಲಿ ಅದೇ ಮಾತು ಬಳಸಿ ಕೇಳಿ. ಹೊಸ ಖಾತೆ ತೆರೆದಾಗ ಜೋಡಣೆ ಸದ್ದಿಲ್ಲದೆ ಅದಕ್ಕೆ ಹೋಗಿ, ಹಣವೂ ಅಲ್ಲಿ ಬಿದ್ದಿರಬಹುದು. ನಿಮ್ಮ ಎಲ್ಲ ಖಾತೆಗಳನ್ನೂ ಒಮ್ಮೆ ನೋಡಿ. ವರ್ಷಗಟ್ಟಲೆ ಬಳಸದ ಖಾತೆ ನಿಷ್ಕ್ರಿಯವಾಗಿದ್ದರೆ ನೂರು ರೂಪಾಯಿ ಹಾಕಿ, ಕೆವೈಸಿ ಮಾಡಿಸಿ.

ಟ್ರಸ್ಟುಗಳ ಹಣಕ್ಕೆ ಖಾತೆ ಸಂಖ್ಯೆ, ಐಎಫ್‌ಎಸ್‌ಸಿಯೇ ಬೇಕು. ಅಲ್ಲಿ ನಮ್ಮ ಊರಿನದೇ ಒಂದು ತೊಂದರೆ. ಈ ಎರಡು ಜಿಲ್ಲೆಗಳಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಹಳೆಯ ಪಾಸ್‌ಬುಕ್ಕಿನ ಐಎಫ್‌ಎಸ್‌ಸಿ ಈಗ ನಡೆಯುವುದಿಲ್ಲ. ಅಮ್ಮ ಜೋಪಾನ ಮಾಡಿಟ್ಟ ಆ ಪುಸ್ತಕದಿಂದ ನಂಬರ್ ನಕಲು ಮಾಡಿ ಕೊಡುವ ಮಕ್ಕಳು ಈಗಲೂ ಇದ್ದಾರೆ. ಹೊಸ ಪಾಸ್‌ಬುಕ್ ಮಾಡಿಸಿ.

ಎರಡು ಸ್ಕಾಲರ್‌ಶಿಪ್ ಒಟ್ಟಿಗೆ ತೆಗೆದುಕೊಳ್ಳಬಹುದಾ?

ಒಂದೇ ಉದ್ದೇಶಕ್ಕೆ ಸರ್ಕಾರದ ಎರಡು ಕಡೆಯಿಂದ ಸಾಮಾನ್ಯವಾಗಿ ಬಿಡುವುದಿಲ್ಲ. ಹಾಸ್ಟೆಲೂ ವಿದ್ಯಾಸಿರಿಯೂ ಒಟ್ಟಿಗೆ ಇಲ್ಲ. ಮೆರಿಟ್ ಸ್ಕಾಲರ್‌ಶಿಪ್ ಬಂದರೂ ರೈತ ವಿದ್ಯಾನಿಧಿ ಪಡೆಯಬಹುದು. ಟ್ರಸ್ಟಿನವರು ಕೇಳಿದಾಗ ಬೇರೆ ಕಡೆ ಬಂದದ್ದನ್ನು ಮುಚ್ಚಿಡಬೇಡಿ.

ಮೊದಲ ವರ್ಷ ಬಂತು. ಮುಂದೆ ತಾನಾಗಿ ಬರುತ್ತದಲ್ವಾ?

ಇಲ್ಲ. ಪ್ರತಿವರ್ಷ ನವೀಕರಿಸಬೇಕು. ಕೇಂದ್ರದ ಮೆರಿಟ್ ಯೋಜನೆಗೆ ಶೇಕಡಾ 50 ಅಂಕ, 75 ಹಾಜರಿ ಬೇಕು. ಅರ್ಜಿ ಸಲ್ಲಿಸಿದ ಮೇಲೆ ಕಾಲೇಜಿನಿಂದ ಪರಿಶೀಲನೆ ಆಗಿದೆಯಾ ಅಂತ ನೋಡುವುದೂ ನಿಮ್ಮದೇ ಕೆಲಸ ಅಂದುಕೊಳ್ಳಿ. ಕಾಲೇಜಿನ ಲಾಗಿನ್‌ನಲ್ಲಿ ಒಪ್ಪಿಗೆ ಸಿಗದೆ ಕೊನೆಯ ದಿನ ದಾಟಿದ ಅರ್ಜಿ ಅಲ್ಲೇ ಸತ್ತು ಹೋಗುತ್ತದೆ. ವಾರಕ್ಕೊಮ್ಮೆ ಬಂದು ನಮ್ಮನ್ನು ಕೇಳಿ. ಕಿರಿಕಿರಿ ಅಂತ ನಾವು ಅಂದುಕೊಳ್ಳುವುದಿಲ್ಲ.

ಊರಿನ ಟ್ರಸ್ಟುಗಳು, ಸಂಘಗಳು ಹೇಗೆ ಆಯ್ಕೆ ಮಾಡುತ್ತವೆ?

ಈ ವಿಷಯದಲ್ಲಿ ಕರಾವಳಿ ಪುಣ್ಯವಂತ ನಾಡು. ಉಡುಪಿಯ ಯಕ್ಷಗಾನ ಕಲಾರಂಗ ವಿದ್ಯಾಪೋಷಕ್ ಹೆಸರಲ್ಲಿ ಬಡ ವಿದ್ಯಾರ್ಥಿಗಳಿಗೆ ನೆರವಾಗುತ್ತಿದೆ. ಅವರು ವಿದ್ಯಾರ್ಥಿಗಳ ಮನೆಗೇ ಹೋಗಿ ನೋಡುತ್ತಾರೆ, ಮನೆ ಇಲ್ಲದವರಿಗೆ ಮನೆ ಕಟ್ಟಿಸಿಕೊಟ್ಟದ್ದೂ ಇದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸುಜ್ಞಾನನಿಧಿ ಅವರ ಸ್ವಸಹಾಯ ಸಂಘದ ಸದಸ್ಯರ ಮಕ್ಕಳಿಗೆ. ಕೊಂಕಣಿ ಮಾತೃಭಾಷೆಯ ಮಕ್ಕಳಿಗೆ ಮಂಗಳೂರಿನ ವಿಶ್ವ ಕೊಂಕಣಿ ಕೇಂದ್ರದ ವಿದ್ಯಾರ್ಥಿವೇತನ ಇದೆ. ಬಂಟ, ಬಿಲ್ಲವ, ಮೊಗವೀರ, ಕ್ರೈಸ್ತ, ಬ್ಯಾರಿ ಸಂಘಟನೆಗಳೂ ಕೊಡುತ್ತವೆ. ಮುಂಬಯಿಗೆ ಹೋಗಿ ನೆಲೆಸಿದವರ ಸಂಘಗಳೂ ಊರಿನ ಮಕ್ಕಳನ್ನು ಮರೆತಿಲ್ಲ.

ಸಂದರ್ಶನಕ್ಕೆ ಕರೆದರೆ ಅಪ್ಪ ಅಥವಾ ಅಮ್ಮನ ಜತೆ ಹೋಗಿ. ಇದ್ದದ್ದನ್ನು ಇದ್ದ ಹಾಗೆ ಹೇಳಿ. "ಕಷ್ಟ ಇದೆ" ಅನ್ನುವ ಬದಲು ಮನೆಯ ಲೆಕ್ಕ ಹೇಳಿ. ತಿಂಗಳಿಗೆ ಇಷ್ಟು ಬರುತ್ತದೆ, ಅಜ್ಜಿಯ ಮದ್ದಿಗೆ ಇಷ್ಟು, ತಂಗಿಯ ಫೀಸು ಇಷ್ಟು, ನನಗೆ ಇಷ್ಟು ಕೊರತೆ. ಲೆಕ್ಕ ಕೇಳಿದವರಿಗೆ ಎಷ್ಟು ಕೊಡಬೇಕು ಅಂತ ಗೊತ್ತಾಗುತ್ತದೆ.

ಕಾಲೇಜಿನೊಳಗೂ ದತ್ತಿನಿಧಿ, ಹಳೆ ವಿದ್ಯಾರ್ಥಿ ಸಂಘದ ನಿಧಿ ಇರುತ್ತದೆ. ಬಡ್ಡಿ ಬಂದಷ್ಟನ್ನೇ ಹಂಚುವುದು, ಹಾಗಾಗಿ ಮೊತ್ತ ಚಿಕ್ಕದು. ಇಲ್ಲಿ ಒಂದು ಮಾತು ಅಧ್ಯಾಪಕ ಮಿತ್ರರಿಗೆ. ನೋಟಿಸ್ ಬೋರ್ಡಿಗೆ ಅಂಟಿಸಿದರೆ ನಮ್ಮ ಕೆಲಸ ಮುಗಿಯುವುದಿಲ್ಲ. ಕೇಳಲು ಬಾಯಿ ಇಲ್ಲದ ಮಗು ಕೊನೆಯ ಬೆಂಚಿನಲ್ಲಿ ಕೂತಿರುತ್ತದೆ, ನಾವೇ ಹೋಗಿ ಕೇಳಬೇಕು.

ಕೇಳಲು ನಾಚಿಕೆ ಆಗುತ್ತದೆ. ಕ್ಲಾಸಿನವರಿಗೆ ಗೊತ್ತಾದರೆ?

ನಿಮ್ಮ ಅರ್ಜಿಯ ವಿಷಯ ಕಚೇರಿಯ ಹೊರಗೆ ಹೋಗಬಾರದು. ಹೋದರೆ ಅದು ನಮ್ಮ ತಪ್ಪು. ಕ್ಲಾಸಿನಲ್ಲಿ ಎಲ್ಲರ ಮುಂದೆ ಹೆಸರು ಕೂಗಿದ್ದರಿಂದ ಒಬ್ಬ ಹುಡುಗ ಮರುವರ್ಷ ಅರ್ಜಿಯನ್ನೇ ಹಾಕಲಿಲ್ಲ. ಅಂದಿನಿಂದ ನಾನು ಒಬ್ಬೊಬ್ಬರಿಗೇ ಫೋನ್ ಮಾಡುತ್ತೇನೆ.

ನಿಮ್ಮ ಅಜ್ಜಂದಿರ ಕಾಲದಲ್ಲಿ ವಾರಾನ್ನ ಇತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಹಾಗೆ ಉಂಡು ಓದಿದವರು ಮೇಷ್ಟ್ರಾದರು, ವಕೀಲರಾದರು, ಬ್ಯಾಂಕಿನಲ್ಲಿ ದುಡಿದರು. ಉಡುಪಿ ಮಠದಲ್ಲಿ ಮಧ್ಯಾಹ್ನ ಉಂಡು ಕಾಲೇಜಿಗೆ ಹೋದವರೂ ಇದ್ದಾರೆ. ಊರು ಒಬ್ಬ ಮಗುವನ್ನು ಓದಿಸುವುದು ಇಲ್ಲಿ ಹಳೆಯ ರೂಢಿ.

ಊಟ, ಹಾಸ್ಟೆಲ್, ಬಸ್ಸಿನ ಖರ್ಚಿಗೆ?

ಸರ್ಕಾರಿ ಹಾಸ್ಟೆಲಿಗೆ ರಾಜ್ಯ ಹಾಸ್ಟೆಲ್ ಪೋರ್ಟಲಿನಲ್ಲಿ ಅರ್ಜಿ. ಸಿಕ್ಕರೆ ಬಿಡಬೇಡಿ, ಯಾವ ಸ್ಕಾಲರ್‌ಶಿಪ್ಪಿಗಿಂತಲೂ ಅದರ ಬೆಲೆ ಜಾಸ್ತಿ. ಈ ಕಡೆಯ ಹಲವು ಕಾಲೇಜುಗಳಲ್ಲಿ ಬಡ ಮಕ್ಕಳಿಗೆ ಮಧ್ಯಾಹ್ನದ ಊಟ ಇದೆ, ಕೇಳಿ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ ಉಚಿತ, ಸರಿ. ಆದರೆ ನಮ್ಮ ಎರಡೂ ಜಿಲ್ಲೆಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಖಾಸಗಿ ಬಸ್ಸಿನ ವಿದ್ಯಾರ್ಥಿ ರಿಯಾಯಿತಿ ಪಾಸ್ ಮಾಡಿಸಿ, ಟ್ರಸ್ಟಿಗೆ ಹೇಳುವ ಲೆಕ್ಕದಲ್ಲಿ ಬಸ್ಸಿನ ಖರ್ಚನ್ನೂ ಸೇರಿಸಿ.

ಶಿಕ್ಷಣ ಸಾಲ ಮಾಡಬಹುದಾ?

ಬಿಎ, ಬಿಕಾಂಗೆ ಸಾಲ ಮಾಡುವ ಮೊದಲು ಮೇಲಿನ ಎಲ್ಲ ಬಾಗಿಲನ್ನೂ ತಟ್ಟಿ. ವೃತ್ತಿಪರ ಕೋರ್ಸಾದರೆ ವಿದ್ಯಾಲಕ್ಷ್ಮಿ ಪೋರ್ಟಲಿನಲ್ಲಿ ಅರ್ಜಿ ಹಾಕಬಹುದು. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ 4 ಲಕ್ಷದವರೆಗೆ ಅಡಮಾನ ಇಲ್ಲ. ಕುಟುಂಬದ ಆದಾಯ 4.5 ಲಕ್ಷದೊಳಗಿದ್ದು ಕೋರ್ಸೂ ಕಾಲೇಜೂ ನಿಯಮಕ್ಕೆ ಹೊಂದಿದರೆ, ಓದುವ ಅವಧಿ ಮತ್ತು ನಂತರದ ಒಂದು ವರ್ಷದ ಬಡ್ಡಿಯನ್ನು ಕೇಂದ್ರವೇ ಕಟ್ಟುತ್ತದೆ. ಸಾಲ ತೆಗೆಯುವ ದಿನವೇ ಬಡ್ಡಿ ಸಹಾಯಧನದ ಅರ್ಜಿ ಕೇಳಿ. ಸಿಇಟಿ ಮೂಲಕ ಸೀಟು ಪಡೆದ ಅಲ್ಪಸಂಖ್ಯಾತ ಮಕ್ಕಳು ಅರಿವು ಸಾಲದ ಬಗ್ಗೆ ವಿಚಾರಿಸಿ.

ಯಾರೋ ಫೋನ್ ಮಾಡಿ ಸ್ಕಾಲರ್‌ಶಿಪ್ ಬಂದಿದೆ, ಒಟಿಪಿ ಹೇಳಿ ಅಂದರು.

ಹೇಳಬೇಡಿ. ಯಾವ ಇಲಾಖೆಯೂ ಒಟಿಪಿ ಕೇಳುವುದಿಲ್ಲ, ಮಂಜೂರು ಮಾಡಲು ಮುಂಗಡವನ್ನೂ ಕೇಳುವುದಿಲ್ಲ. ಸೈಬರಿನಲ್ಲಿ ಅರ್ಜಿ ತುಂಬಿಸಿದರೆ ನಿಮ್ಮದೇ ಮೊಬೈಲ್ ನಂಬರ್ ಕೊಡಿ, ಪಾಸ್‌ವರ್ಡ್ ಬರೆದುಕೊಂಡು ಬನ್ನಿ.

ಕೊನೆಯ ದಿನ ತಪ್ಪಿ ಹೋಯಿತು. ಈ ವರ್ಷ ಮುಗಿಯಿತಾ?

ಕೊನೆಯ ದಿನವನ್ನು ಮುಂದೂಡುವುದು ಆಗಾಗ ಇದೆ, ಪೋರ್ಟಲ್ ನೋಡುತ್ತಿರಿ. ಉಡುಪಿಯವರು ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾ ಕಚೇರಿಗಳಿಗೆ, ಮಂಗಳೂರಿನವರು ತಮ್ಮ ವರ್ಗದ ಇಲಾಖೆಯ ಜಿಲ್ಲಾ ಅಥವಾ ತಾಲೂಕು ಕಚೇರಿಗೆ ಹೋಗಿ ವಿಚಾರಿಸಿ. ಕಾಲೇಜಿನ ನಿಧಿ, ಟ್ರಸ್ಟುಗಳಿಗೆ ಪತ್ರ ಬರೆಯಿರಿ. ಎಷ್ಟೋ ಕಡೆ ಸ್ವಲ್ಪ ಹಣ ಉಳಿದಿರುತ್ತದೆ, ಕೇಳುವವರಿರುವುದಿಲ್ಲ. ಫೀಸು ಕಟ್ಟಲಾಗದೆ ಕಾಲೇಜು ಬಿಡುವ ಯೋಚನೆ ಬಂದಿದ್ದರೆ ಮಾತ್ರ ಅರ್ಜಿ, ಪತ್ರ ಎಲ್ಲ ಆಮೇಲೆ. ಮೊದಲು ನಿಮಗೆ ಪಾಠ ಮಾಡುವ ಒಬ್ಬರ ಹತ್ತಿರ ಹೋಗಿ ಹೇಳಿ. ಟಿಸಿ ಕೇಳಲು ಬಂದು, ಮಾತಾಡಿ, ವಾಪಸ್ ಕ್ಲಾಸಿಗೆ ಹೋದ ಮಕ್ಕಳು ನಮ್ಮಲ್ಲಿ ಇದ್ದಾರೆ.